ಕಾರ್ಖಾನೆ ಮುಚ್ಚಿತು, ಗಾಡಿ ನಿಲ್ಲಲಿಲ್ಲ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಯಾವುದೇ ಸಂಸ್ಥೆಯ ಚರಿತ್ರೆ ಇಷ್ಟಕ್ಕೆ ಮುಗಿಯಬೇಕು. ಲೆಕ್ಕಪತ್ರ ಕೋರ್ಟಿಗೆ ಹೋಗುತ್ತದೆ, ಕೆಲಸಗಾರರು ಮನೆಗೆ ಹೋಗುತ್ತಾರೆ, ಜಾಗದ ಮೇಲೆ ಯಾರದೋ ಕಣ್ಣು ಬೀಳುತ್ತದೆ. ಐಡಿಯಲ್ ಜಾವಾದ ಅರ್ಧ ಚರಿತ್ರೆ ಮಾತ್ರ ಶುರುವಾಗುವುದೇ ಬಾಗಿಲು ಹಾಕಿದ ಮೇಲೆ. ಕಂಪನಿಯೊಂದು ಮಾಡಬೇಕಾದ ಕೆಲಸಗಳೆಲ್ಲ, ಅಂದರೆ ಬಿಡಿಭಾಗ ಒದಗಿಸುವುದು, ರಿಪೇರಿ ಕಲಿಸುವುದು, ಗಿರಾಕಿಗಳನ್ನು ಒಂದೆಡೆ ಸೇರಿಸುವುದು, ಹೆಸರು ಉಳಿಸುವುದು, ನೇಮಕಾತಿ ಪತ್ರವಿಲ್ಲದ ಜನರ ಕೈಗೆ ಬಂದವು. ಅವರಲ್ಲಿ ಕೆಲವರು ಗ್ಯಾರೇಜಿನ ಮಿಸ್ತ್ರಿಗಳು, ಕೆಲವರು ಗುಜರಿ ಅಂಗಡಿಯವರು, ಉಳಿದವರು ಅಪ್ಪನ ಗಾಡಿ ಮಾರಲು ಮನಸ್ಸಾಗದ ಮಕ್ಕಳು. ಹಳೆಯ ವಾಹನ ಸಾಕುವ ಹವ್ಯಾಸಕ್ಕೆ ಕರ್ನಾಟಕದಲ್ಲಿ ಒಂದು ಸಂಸ್ಥೆ ಇದೆ ಎನ್ನುವುದಾದರೆ ಅದು ಇವರೇ.

ಮೈಸೂರಿನ ಕಾರ್ಖಾನೆಯ ಕಥೆ ಕಲಬುರಗಿಯವರಿಗೆ ಯಾಕೆ ಎಂದು ಕೇಳುವವರು ನಗರದಿಂದ ಹೊರಗೆ ಹೋಗುವ ರಸ್ತೆಯನ್ನು ನೆನೆಸಿಕೊಳ್ಳಬೇಕು. ಜೇವರ್ಗಿ ಕಡೆ ಹೊರಟರೆ ಕೋಟನೂರ, ಹುಮನಾಬಾದ್ ಕಡೆ ಹೊರಟರೆ ಕಮಲಾಪುರ. ಎರಡೂ ಈಗ ರಾಷ್ಟ್ರೀಯ ಹೆದ್ದಾರಿ 50ರ ದಾರಿಯ ಊರುಗಳು. ಕೋಟನೂರನ್ನು ನಗರ ಹೆಚ್ಚುಕಡಿಮೆ ನುಂಗಿಕೊಂಡಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಈಚೆಗೆ ತಾಲ್ಲೂಕು ಕೇಂದ್ರವಾಗಿದೆ. ಇಂಥ ಊರುಗಳಲ್ಲಿ ಮೋಟಾರ್‌ಸೈಕಲ್ಲಿಗೆ ಹಿರಿಯರ ಬಾಯಲ್ಲಿ ಇವತ್ತಿಗೂ ಫಟಫಟಿ ಎಂದೇ ಹೆಸರು. ಫಟಫಟಿಯ ಕಾಲವೆಂದರೆ ಜಾವಾ, ಯೆಜ್ಡಿ, ಬುಲೆಟ್, ರಾಜದೂತಗಳ ಕಾಲ. ಆ ನಾಲ್ಕರಲ್ಲಿ ನಮ್ಮ ರಾಜ್ಯದಲ್ಲೇ ತಯಾರಾದವು ಮೊದಲಿನ ಎರಡು.

ಅದಕ್ಕೂ ಹಿಂದೆ, ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಮೋಟಾರು ಎಂದರೆ ದೊರೆಯದು ಇಲ್ಲವೇ ಸರಕಾರದ್ದು. ಹೈದರಾಬಾದಿನ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸಿಂಹಾಸನದಂಥ ಆಸನವಿರುವ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಮಾಡಿಸಲು ಹೇಳಿ, ಅದು ಬರುವ ಮೊದಲೇ 1911ರಲ್ಲಿ ತೀರಿಕೊಂಡ. 1912ರ ಆ ಕಾರು ಮಗನ ಪಾಲಿಗೆ ಬಂತು. ಮೆರವಣಿಗೆಗೆ ಮಾತ್ರ ಹೊರಬರುತ್ತಿದ್ದ ಕಾರಣ ದಶಕಗಳ ನಂತರವೂ ಅದು ಓಡಿದ್ದು ಕೆಲವೇ ನೂರು ಮೈಲಿ. ಜನರಿಗೆ ಸಿಕ್ಕಿದ್ದು ಬೇರೆ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸು, 166 ಮಂದಿ ನೌಕರರೊಂದಿಗೆ ಶುರುಮಾಡಿತು. ಆ ಕಾಲದ ಸ್ಕಾಟ್ಲೆಂಡ್ ಮೂಲದ ಆಲ್ಬಿಯನ್ ಬಸ್ಸೊಂದನ್ನು ‘ಡೆಕ್ಕನ್ ಕ್ವೀನ್’ ಹೆಸರಿನಲ್ಲಿ ಹೈದರಾಬಾದಿನಲ್ಲಿ ಇವತ್ತಿಗೂ ಕಾಪಾಡಿಕೊಂಡು ಬಂದಿದ್ದಾರೆ. ರಾಜ್ಯ ಪುನರ್ವಿಂಗಡಣೆಯಾಗಿ ಕಲಬುರಗಿ, ರಾಯಚೂರು, ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಭಾಗದ ಸರಕಾರಿ ಬಸ್ಸುಗಳೂ ಮೈಸೂರಿನ ಲೆಕ್ಕಕ್ಕೆ ಬಂದವು. 2000ದಲ್ಲಿ ಈಶಾನ್ಯ ಸಾರಿಗೆಯಾಗಿ ಬೇರೆಯಾಗಿ, 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಹೆಸರು ಬದಲಾಯಿಸಿಕೊಂಡ ಸಂಸ್ಥೆಯ ಬೇರು ಆ 27 ಬಸ್ಸುಗಳವರೆಗೆ ಹೋಗುತ್ತದೆ. ಹವ್ಯಾಸದ ಮಾತಿನಲ್ಲಿ ಬಸ್ಸಿಗೇನು ಕೆಲಸ ಎಂದರೆ, ಈ ಭಾಗದ ಎಷ್ಟೋ ಜನ ಪಾನಾ ಹಿಡಿಯಲು ಕಲಿತದ್ದು ಬಸ್ ಡಿಪೊಗಳಲ್ಲೇ.

ಸ್ವಂತ ಗಾಡಿಯ ಆಸೆ ಮಧ್ಯಮ ವರ್ಗದ ಕೈಗೆಟುಕಿದ್ದು ಅರವತ್ತರ ದಶಕದಲ್ಲಿ. ವಿದೇಶಿ ವಾಹನಗಳ ಆಮದಿಗೆ ಸರಕಾರ ಕಡಿವಾಣ ಹಾಕಿದಾಗ ಆಮದು ವ್ಯಾಪಾರಿಗಳಿಗೆ ಎರಡೇ ದಾರಿ ಉಳಿದವು: ಅಂಗಡಿ ಮುಚ್ಚುವುದು, ಇಲ್ಲವೇ ಇಲ್ಲೇ ತಯಾರಿಸುವುದು. ಮುಂಬೈಯಲ್ಲಿ ಜಾವಾ ಮೋಟಾರ್‌ಸೈಕಲ್ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಎರಡನೆಯ ದಾರಿ ಹಿಡಿದರು. ಜೆಕೊಸ್ಲೊವಾಕಿಯಾದ ಕಂಪನಿಯಿಂದ ಪರವಾನಗಿ ಪಡೆದು 1960ರಲ್ಲಿ ಐಡಿಯಲ್ ಜಾವಾ ಸ್ಥಾಪಿಸಿ, ಜಾಗಕ್ಕೆ ಮೈಸೂರನ್ನು ಆರಿಸಿಕೊಂಡರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಐದು ವರ್ಷ. ಅದೇ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆಯೂ ಶುರುವಾಯಿತು. ಕೈಯಲ್ಲಿ ಎಚ್‌ಎಂಟಿ, ಅಂಗಳದಲ್ಲಿ ಜಾವಾ: ಹೊಸ ರಾಜ್ಯದಿಂದ ಕಲ್ಯಾಣ ಕರ್ನಾಟಕದ ಮನೆಗಳೊಳಕ್ಕೆ ಬಂದ ಮೊದಲ ಯಂತ್ರಗಳು ಇವು ಎಂದರೆ ತೀರಾ ತಪ್ಪಾಗದು. ಎರಡೂ ಕಾರ್ಖಾನೆ ಇವತ್ತಿಲ್ಲ. ಎರಡಕ್ಕೂ ಸಂಗ್ರಾಹಕರಿದ್ದಾರೆ.

ಜಾವಾ ಮೂಲತಃ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡು ಶುರುಮಾಡಿದ ಗಾಡಿ. ಮೈಸೂರಿಗೆ ಬಂದದ್ದು ಅದರ 250 ಸಿ.ಸಿ. ಟು-ಸ್ಟ್ರೋಕ್ ಮಾದರಿ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಪೆಡಲ್ ಬೇರೆ ಬೇರೆ ಅಲ್ಲ. ಒಂದೇ ಪೆಡಲನ್ನು ಒಳಕ್ಕೆ ಒತ್ತಿ ಎತ್ತಿ ತಿರುಗಿಸಿದರೆ ಕಿಕ್ಕರ್, ಗಾಡಿ ಚಾಲೂ ಆದ ಮೇಲೆ ಮುಂದಕ್ಕೆ ಬಿಟ್ಟರೆ ಗೇರ್. ಗೇರ್ ಬದಲಿಸುವಾಗ ಪೆಡಲೇ ಕ್ಲಚ್ಚನ್ನು ಬಿಡಿಸುತ್ತಿದ್ದ ಕಾರಣ, ಕ್ಲಚ್ ಕೇಬಲ್ ಹರಿದ ದಿನವೂ ಅನುಭವಿ ಸವಾರ ಮನೆ ಮುಟ್ಟುತ್ತಿದ್ದ. ಇವೆಲ್ಲಕ್ಕಿಂತ ನಮ್ಮ ನೆಲಕ್ಕೆ ಒಪ್ಪಿದ ಸಂಗತಿ ಇನ್ನೊಂದಿತ್ತು. ಹಿಂದಿನ ಚೈನು ಪೂರ್ತಿ ತಗಡಿನ ಕವಚದೊಳಗೆ. ಎರೆಮಣ್ಣಿನ ದಾರಿಯಲ್ಲಿ ಓಡುವ ಗಾಡಿಗೆ ಚೈನಿನ ಕವಚ ಎಷ್ಟು ದೊಡ್ಡ ಉಪಕಾರವೆಂದು ಮಳೆಗಾಲದಲ್ಲಿ ಜೇವರ್ಗಿ, ಅಫಜಲಪುರ ಕಡೆಯ ಹೊಲದ ದಾರಿ ಹಿಡಿದವರಿಗೆ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ಜೆಕ್ ಕಂಪನಿಯ ಹೆಸರು ಬಳಸುವ ಅವಧಿ ಮುಗಿದು ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ. 1978ರಲ್ಲಿ ಬಂದ ರೋಡ್‌ಕಿಂಗ್ ಮಾತ್ರ ನಿಜಕ್ಕೂ ಹೊಸದು. 16 ಅಶ್ವಶಕ್ತಿ, ಎತ್ತರದ ನಿಲುವು, ಕಾಲೇಜು ಹುಡುಗರು ನಿಂತು ನೋಡುವಂಥ ಚಂದ. ನಡುವೆ ಮೊನಾರ್ಕ್, ಡಿಲಕ್ಸ್, ಕ್ಲಾಸಿಕ್, 175 ಸಿ.ಸಿ.ಯ ಗಾಡಿ, ಎಂಬತ್ತರ ದಶಕದಲ್ಲಿ ಎರಡು ಸಿಲಿಂಡರಿನ 350 ಬಂದುಹೋದವು. 350 ಹೆಚ್ಚು ಮಾರಾಟವಾಗಲಿಲ್ಲ. ಈಗ ಅದಕ್ಕಾಗಿಯೇ ಸಂಗ್ರಾಹಕರು ಹುಡುಕಾಡುತ್ತಾರೆ. ಅಂಗಡಿಯಲ್ಲಿ ಸೋತದ್ದೇ ಹವ್ಯಾಸದಲ್ಲಿ ಬೆಲೆ ಏರಿಸಿಕೊಳ್ಳುವುದು ಈ ಲೋಕದ ವಿಚಿತ್ರ ನ್ಯಾಯ.

ಸೋಲಿಗೆ ಕಾರಣ ಒಂದೇ ಅಲ್ಲ. 1985ರಲ್ಲಿ ಹೀರೊ ಹೊಂಡಾ ಸಿಡಿ 100 ಬಂತು. ಲೀಟರಿಗೆ 80 ಕಿ.ಮೀ. ಓಡುತ್ತದೆ ಎಂಬ ಜಾಹೀರಾತಿನ ಎದುರು 30ರ ಆಸುಪಾಸಿನಲ್ಲಿದ್ದ ಯೆಜ್ಡಿ ಏನು ಹೇಳಲು ಸಾಧ್ಯ? ಅದೇ ವರ್ಷ ಬಂದ ಯಮಹಾ ಆರ್‌ಎಕ್ಸ್ 100 ಪುಟ್ಟ ಇಂಜಿನ್ನಿನಲ್ಲೇ ಓಟದ ರುಚಿ ತೋರಿಸಿತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರಿಗೆ ಸುಮಾರು 40 ಮಿ.ಲೀ. ಆಯಿಲ್ ಬೆರೆಸುವ ಕಷ್ಟ ಹೊಸ ಗಿರಾಕಿಗೆ ಬೇಡವಾಯಿತು. ಕಾರ್ಮಿಕ ತಗಾದೆಗಳು ಸೇರಿಕೊಂಡವು. 1996ರಲ್ಲಿ ಹೊಗೆಯ ಮಿತಿಯ ನಿಯಮ ಬಿಗಿಯಾದಾಗ ಕಂಪನಿಗೆ ಹೊಸ ಇಂಜಿನ್ ಮಾಡುವ ಶಕ್ತಿ ಉಳಿದಿರಲಿಲ್ಲ. ಕಂಪನಿಯ ವಿಸರ್ಜನೆಯ ಕಾಗದಪತ್ರ ಹೈಕೋರ್ಟಿಗೆ ಹೋಯಿತು. ಮುಂದೆ ಯೆಜ್ಡಿ ಎಂಬ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯವೂ ಅದೇ ಕೋರ್ಟಿನ ಮೆಟ್ಟಿಲು ಹತ್ತಿತು.

ಇಲ್ಲಿಂದ ಮುಂದಿನದು ಮಿಸ್ತ್ರಿಗಳ ಚರಿತ್ರೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಆದ್ದರಿಂದ ಅವರ ಕೆಲಸವೇನೆಂದು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಟು-ಸ್ಟ್ರೋಕ್ ಇಂಜಿನ್ ನೋಡಲು ಸರಳ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಅದರ ಪ್ರಾಣ ಇರುವುದು ಗಾಳಿ ಸೋರದಿರುವಲ್ಲಿ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಗೂಡಿಗೆ ಹೋಗಿ, ಅಲ್ಲಿಂದ ಪಿಸ್ಟನ್ನಿನ ಮೇಲಕ್ಕೆ ಏರುತ್ತದೆ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್ ಒಣಗಿ ಬಿರಿದರೆ ಹೊರಗಿನ ಗಾಳಿ ಒಳನುಗ್ಗುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಗಾಡಿ ಓಡಿಸಿ ಕೆಡುವುದಕ್ಕಿಂತ ನಿಲ್ಲಿಸಿ ಕೆಡುವುದೇ ಹೆಚ್ಚು ಎಂದು ಹಳೆಯ ಮಿಸ್ತ್ರಿಗಳು ಹೇಳುವುದು ಇದಕ್ಕೆ. ವರ್ಷಗಟ್ಟಲೆ ಗೋಡೆಗೆ ಒರಗಿದ್ದ ಯೆಜ್ಡಿಯನ್ನು ಹಬ್ಬದ ದಿನ ಒಮ್ಮೆಲೇ ಕಿಕ್ ಹೊಡೆದು ಊರು ಸುತ್ತಲು ಹೊರಡುವುದು ಅದಕ್ಕೆ ಮಾಡುವ ಅತಿ ದೊಡ್ಡ ದ್ರೋಹ.

ಬಲ್ಲವರು ಹಾಗೆ ಮಾಡುವುದಿಲ್ಲ. ಮೊದಲು ಟ್ಯಾಂಕ್ ಬಿಚ್ಚಿ ಒಳಗಿನ ತುಕ್ಕು ತೊಳೆಯುತ್ತಾರೆ. ಕಾರ್ಬೊರೇಟರ್ ಕಳಚಿ ಜೆಟ್‌ಗಳನ್ನು ಊದಿ ನೋಡುತ್ತಾರೆ. ಪ್ಲಗ್ ತೆಗೆದು ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಕೈಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಪಾಯಿಂಟ್ ಉಜ್ಜಿ, ಅದರ ಸಂದಿಗೆ ಗೇಜು ತೂರಿಸಿ ಅಳೆಯುತ್ತಾರೆ. ಸೈಲೆನ್ಸರಿನ ಒಳಕೊಳವೆ ಎಳೆದು ಕಟ್ಟಿದ ಮಸಿಯನ್ನು ಸುಟ್ಟು ಉದುರಿಸುತ್ತಾರೆ. ಟು-ಸ್ಟ್ರೋಕಿನಲ್ಲಿ ಹೊಗೆ ಹೋಗುವ ದಾರಿ ಕಟ್ಟಿದರೆ ಇಂಜಿನ್ನಿನ ಉಸಿರೇ ಕಟ್ಟುತ್ತದೆ. ಸೀಲ್ ಬದಲಿಸಲೇಬೇಕಾದರೆ ಕ್ಲಚ್ ಕಳಚಲು ಈ ಗಾಡಿಗೆಂದೇ ಮಾಡಿದ ಪುಲ್ಲರ್ ಬೇಕು. ಅದಿಲ್ಲದೆ ಸುತ್ತಿಗೆ ಎತ್ತುವವನಿಗೆ ಗಾಡಿ ಕೊಡಬಾರದು. ಕಂಪನಿ ಹೋದ ಮೇಲೆ ಆ ಪುಲ್ಲರನ್ನು ಲೇತ್‌ನಲ್ಲಿ ಕಡೆಸಿಕೊಂಡ ಮಿಸ್ತ್ರಿಗಳು ಊರೂರಿನಲ್ಲಿದ್ದರು. ಯಾವ ಕಂಪನಿಯೂ ಕೊಡದ ಪರವಾನಗಿ ಅದು.

ಹವೆಯ ಮಾತನ್ನೂ ಇಲ್ಲಿ ಹೇಳಬೇಕು. ಕರಾವಳಿಯಲ್ಲಿ ಹಳೆಯ ಗಾಡಿಯ ಶತ್ರು ಉಪ್ಪುಗಾಳಿ. ತಗಡು ಒಳಗಿಂದಲೇ ತಿಂದುಹೋಗುತ್ತದೆ. ಕಲಬುರಗಿಯ ಒಣ ಹವೆ ತಗಡಿಗೆ ಬಹಳ ಒಳ್ಳೆಯದು. ಕಮಲಾಪುರದ ದನದ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಮಲಗಿದ ಗಾಡಿಯ ಚಾಸಿ, ಮಂಗಳೂರಿನ ಗ್ಯಾರೇಜಿನಲ್ಲಿ ಹತ್ತು ವರ್ಷ ನಿಂತ ಗಾಡಿಯ ಚಾಸಿಗಿಂತ ಗಟ್ಟಿ ಇರುವ ಸಂಭವ ಹೆಚ್ಚು. ಆದರೆ 42 ಡಿಗ್ರಿ ದಾಟುವ ಬೇಸಿಗೆ ರಬ್ಬರಿಗೆ ಯಮ. ಟೈರ್ ಬದಿಯಲ್ಲಿ ಬಿರಿಯುತ್ತದೆ, ಸೀಲ್ ಕಲ್ಲಾಗುತ್ತದೆ, ಪೆಟ್ರೋಲ್ ಪೈಪು ಕಡ್ಡಿಯಂತೆ ಮುರಿಯುತ್ತದೆ. ಹಳೆಯ ಜಾವಾಕ್ಕೆ 16 ಇಂಚಿನ ಚಕ್ರ. ಇದರ ಟೈರ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕರೆಂಟು 6 ವೋಲ್ಟ್. ಇದರ ಬಲ್ಬ್, ಹಾರ್ನ್, ಬ್ಯಾಟರಿ ಹುಡುಕುವುದೇ ಒಂದು ಉದ್ಯೋಗ. ಈ ಹುಡುಕಾಟದಲ್ಲಿ ಕಲಬುರಗಿಯ ಸವಾರನಿಗೆ ಬೆಂಗಳೂರಿಗಿಂತ ಸೊಲ್ಲಾಪುರ, ಹೈದರಾಬಾದುಗಳೇ ಹತ್ತಿರ. ರಾಜ್ಯದ ಗಡಿ ಗುಜರಿ ವ್ಯಾಪಾರಕ್ಕೆ ಅಡ್ಡ ಬಂದಿಲ್ಲ.

ಚದುರಿದ್ದ ಇಂಥ ಜನ ಒಂದಾಗಲು ಶುರುಮಾಡಿದ್ದು ಹೊಸ ಶತಮಾನದಲ್ಲಿ. ಬೆಂಗಳೂರಿನ ಜಾವಾ-ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್ 2007ರಲ್ಲಿ ಹುಟ್ಟಿತು. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ-ಯೆಜ್ಡಿ ದಿನವೆಂದು ದೇಶದ ಹಲವು ಊರುಗಳಲ್ಲಿ ಆಚರಿಸುತ್ತಾರೆ. ಆ ದಿನ ಒಂದೆಡೆ ಸೇರಿದ ನೂರಾರು ಗಾಡಿಗಳ ನಡುವೆ ನಿಂತರೆ ನೀಲಿ ಹೊಗೆಗೆ ಕಣ್ಣುರಿ ಬರುತ್ತದೆ. ಪರಿಸರವಾದಿಗಳಿಗೆ ಇದು ಹಿಡಿಸದಿದ್ದರೆ ಅವರನ್ನು ದೂರುವಂತಿಲ್ಲ. ಹಾಗೆಂದು ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಗಾಡಿಯ ಹೊಗೆಯನ್ನು ದಿನವೂ ಓಡುವ ಟಂಟಂ, ಲಾರಿಗಳ ಹೊಗೆಯ ಪಕ್ಕದಲ್ಲಿಟ್ಟು ತೂಗುವುದೂ ನ್ಯಾಯವಲ್ಲ. ಮೆರವಣಿಗೆಗಿಂತ ಮುಖ್ಯವಾದ ಕೆಲಸವನ್ನು ಕ್ಲಬ್ಬುಗಳು ಸದ್ದಿಲ್ಲದೆ ಮಾಡಿವೆ. ಯಾವ ಊರಿನ ಹಳೆಯ ಅಂಗಡಿಯ ಅಟ್ಟದಲ್ಲಿ ಮುದ್ರೆ ಒಡೆಯದ ಪಿಸ್ಟನ್ ಪೆಟ್ಟಿಗೆ ಇದೆ, ಯಾವ ಮಿಸ್ತ್ರಿ ಕ್ರ್ಯಾಂಕ್ ಸರಿಯಾಗಿ ಕೂರಿಸುತ್ತಾನೆ, ಯಾರು ಮಾಡುವ ಡುಪ್ಲಿಕೇಟ್ ರಿಂಗು ನಂಬಬಹುದು ಎಂಬ ಮಾಹಿತಿ ಕೈಯಿಂದ ಕೈಗೆ ದಾಟತೊಡಗಿತು. ಕಾರ್ಖಾನೆಯ ಸರ್ವಿಸ್ ವಿಭಾಗ ಮಾಡುತ್ತಿದ್ದ ಕೆಲಸ ಇದೇ ಅಲ್ಲವೇ?

ಈ ಗದ್ದಲ ಬಂಡವಾಳದವರ ಕಿವಿಗೂ ಬಿತ್ತು. ಮಹೀಂದ್ರ ಗುಂಪು, ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೋಮನ್ ಇರಾನಿ ಸೇರಿ ಕಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರ್ 15ರಂದು ಜಾವಾವನ್ನೂ, 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಇಂಜಿನ್ ಫೋರ್-ಸ್ಟ್ರೋಕ್, ತಂಪು ಮಾಡಲು ನೀರಿನ ರೇಡಿಯೇಟರ್. ಹೊಸ ಜಾವಾಕ್ಕೂ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಅಷ್ಟನ್ನು ಬಿಟ್ಟಿದ್ದರೆ ಹಳಬರು ಕ್ಷಮಿಸುತ್ತಿರಲಿಲ್ಲ. ಹೊಸ ಗಾಡಿ ಚೆನ್ನಾಗಿದೆಯೋ ಇಲ್ಲವೋ ಎಂಬ ಚರ್ಚೆ ಬೇರೆ. ಸತ್ತ ಕಂಪನಿಯ ಹೆಸರಿಗೆ 22 ವರ್ಷ ಬೆಲೆ ಉಳಿಸಿದ್ದು ಜಾಹೀರಾತಲ್ಲ, ಗ್ಯಾರೇಜು.

ಕಾರುಗಳ ದಾರಿ ಸ್ವಲ್ಪ ಬೇರೆ. ಅಲ್ಲಿ ಹವ್ಯಾಸ ಬೆಳೆದದ್ದು ಶ್ರೀಮಂತರ ಅಂಗಳದಲ್ಲಿ, ಸಂಸ್ಥೆಯಾದದ್ದು ಮ್ಯೂಸಿಯಂ ರೂಪದಲ್ಲಿ. ದೇಶದಲ್ಲಿ ಹಳೆಯ ಕಾರುಗಳ ರ್‍ಯಾಲಿಗೆ ‘ದ ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ನಾಂದಿ ಹಾಡಿತು. ಜಗತ್ತಿನ ಹಳೆಯ ವಾಹನ ಕ್ಲಬ್ಬುಗಳ ಒಕ್ಕೂಟ ಫಿವಾ ಹುಟ್ಟಿದ್ದು 1966ರಲ್ಲಿ. ಆ ಒಕ್ಕೂಟದ ಲೆಕ್ಕದಲ್ಲಿ ಕನಿಷ್ಠ 30 ವರ್ಷ ಹಳೆಯದಾದ, ಮೂಲರೂಪ ಉಳಿಸಿಕೊಂಡ, ದಿನದ ಓಡಾಟಕ್ಕೆ ಬಳಸದ ವಾಹನವೇ ಐತಿಹಾಸಿಕ. ಕರ್ನಾಟಕದಲ್ಲಿ ಈ ಕೆಲಸವನ್ನು ಜನರ ಕಣ್ಣಿಗೆ ಕಾಣುವಂತೆ ಮಾಡಿದವರು ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು. ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗಿನ ಕಾರುಗಳ ಸಂಗ್ರಹ ಧರ್ಮಸ್ಥಳಕ್ಕೆ ಹೋದವರೆಲ್ಲ ನೋಡಿಬರುವ ಜಾಗ. ಮುಂದೆ ಶ್ರೀರಂಗಪಟ್ಟಣದ ಬಳಿ ‘ಪಯಣ’ ಹೆಸರಿನ ವಾಹನ ಮ್ಯೂಸಿಯಂ ಎದ್ದಿತು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ವೈದ್ಯರಾದ ರವಿ ಪ್ರಕಾಶ್ ಅವರ ದೊಡ್ಡ ಸಂಗ್ರಹ ಅಲ್ಲೇ ಇದೆ. ರೈಲಿನ ವಿಷಯದಲ್ಲಿ ಮೈಸೂರು ಇವರೆಲ್ಲರಿಗಿಂತ ಮುಂದಿತ್ತು. ಅಲ್ಲಿನ ರೈಲು ಮ್ಯೂಸಿಯಂ 1979ರದು.

ಇವೆಲ್ಲ ತುಂಗಭದ್ರೆಯಿಂದ ಬಹಳ ದಕ್ಷಿಣಕ್ಕೆ ಇರುವ ಊರುಗಳು. ಕಲ್ಯಾಣ ಕರ್ನಾಟಕದ ಹಳೆಯ ವಾಹನಗಳು ಮ್ಯೂಸಿಯಂ ನೋಡಿದ್ದು ಕಡಿಮೆ. ಅವು ಬಳಕೆಯಲ್ಲಿದ್ದೇ ಉಳಿದವು, ಬಳಕೆ ನಿಂತಾಗ ಗುಜರಿಗೆ ಹೋದವು. ಭೀಮಾ, ಕೃಷ್ಣಾ ನದಿಯ ಹರಿಗೋಲುಗಳ ಗತಿಯೂ ಇದೇ. ಬಿದಿರು ಹೆಣೆದು, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದು ಮಾಡುವ ಈ ದುಂಡನೆಯ ದೋಣಿಯನ್ನು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂಥ ದೋಣಿ ಎಂದು ಬಣ್ಣಿಸಿದ್ದ. ಸೇತುವೆ ಬಂದ ಕಡೆ ಹರಿಗೋಲು ಹೋಯಿತು. ಹಂಪಿಯಲ್ಲಿ ಪ್ರವಾಸಿಗರಿಗಾಗಿ ಉಳಿಯಿತು. ಹವ್ಯಾಸಕ್ಕೆಂದು ಹರಿಗೋಲು ಸಾಕುವವರಿಲ್ಲ. ಬ್ರಿಟನ್ನಿನಲ್ಲಿ ಹಳೆಯ ದೋಣಿ ರಿಪೇರಿ ಮಾಡುತ್ತ ನಿವೃತ್ತಿ ಕಳೆಯುವವರು ಸಾವಿರಾರು. ನಮ್ಮಲ್ಲಿ ದೋಣಿ ಹಸಿವಿನ ಸಾಧನ, ಶೋಕಿಯದಲ್ಲ.

ಹಳೆಯ ವಾಹನವನ್ನು ಸಂಸ್ಥೆಯಾಗಿ ಕಾಪಾಡುವ ಪದ್ಧತಿ ನಮಗೆ ಗೊತ್ತಿಲ್ಲವೆಂದಲ್ಲ. ಕಲಬುರಗಿಯ ಶರಣಬಸವೇಶ್ವರರ ತೇರನ್ನೇ ನೋಡಿ. ಹೋಳಿ ಹುಣ್ಣಿಮೆ ಕಳೆದ ಮೇಲೆ ವರ್ಷಕ್ಕೊಮ್ಮೆ ಹೊರಬರುವ ಆ ವಾಹನಕ್ಕೆ ಕಟ್ಟಿಗೆ ಯಾರು ನೋಡಬೇಕು, ಗಾಲಿಗೆ ಎಣ್ಣೆ ಯಾರು ಬಿಡಬೇಕು, ಹಗ್ಗ ಯಾರು ತರಬೇಕು ಎಂಬುದು ತಲೆಮಾರಿನಿಂದ ನಿಗದಿಯಾಗಿರುತ್ತದೆ. ಜಾತ್ರೆಗೆ ಮುಂಚೆ ಅಚ್ಚು ಪರೀಕ್ಷೆಯಾಗದೆ ತೇರು ಮಿಸುಕುವುದಿಲ್ಲ. ಗಾಡಿಗಳ ಹವ್ಯಾಸಕ್ಕೆ ಈ ಭಾಗದಲ್ಲಿ ಬೇಕಾಗಿರುವುದು ಅಂಥ ಒಪ್ಪಂದವೇ ಹೊರತು ಹಣವಲ್ಲ. ಯೆಜ್ಡಿಯೊಂದನ್ನು ಓಡುವ ಸ್ಥಿತಿಗೆ ತರಲು ದೊಡ್ಡ ಸಂಬಳ ಬೇಕಿಲ್ಲ. ಬೇಕಾಗಿರುವುದು ಕೆಲಸ ಬಲ್ಲ ಮಿಸ್ತ್ರಿ, ಆತನ ಕೈಕೆಳಗೆ ಕಲಿಯುವ ಹುಡುಗ, ಮತ್ತು ಪತ್ರ ಸರಿಯಿರುವ ಗಾಡಿ. ಇವುಗಳಲ್ಲಿ ಮೊದಲೆರಡು ವೇಗವಾಗಿ ಕಡಿಮೆಯಾಗುತ್ತಿವೆ. ಫ್ಯುಯೆಲ್ ಇಂಜೆಕ್ಷನ್ ಗಾಡಿ ಕಲಿತ ಹುಡುಗನಿಗೆ ಕಾರ್ಬೊರೇಟರ್ ಅಜ್ಜನ ಕಾಲದ ಯಂತ್ರ.

ಪತ್ರದ ವಿಷಯ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಗಾಡಿಗಳು ಇಂಜಿನ್ ಕೆಟ್ಟು ಸಾಯುವುದಕ್ಕಿಂತ ಆರ್‌ಸಿ ಕಳೆದು ಸಾಯುವುದು ಹೆಚ್ಚು. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 20 ವರ್ಷ ದಾಟಿದ ಮೋಟಾರ್‌ಸೈಕಲ್ಲಿಗೆ ಈ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ 2000 ರೂಪಾಯಿಗೆ, ಕಾರಿಗೆ 10,000 ರೂಪಾಯಿಗೆ ಏರಿಸಿತು. ದಿನವೂ ಗಾಡಿ ಓಡಿಸುವವರಿಗೆ ಇದೇ ದಾರಿ. ಸರಕಾರದ ಸ್ವಂತ ವಾಹನಗಳಿಗೆ ಅದೂ ಇಲ್ಲ. 2023ರ ಏಪ್ರಿಲ್ 1ರಿಂದ ಇಲಾಖೆ ಮತ್ತು ಸಾರಿಗೆ ನಿಗಮಗಳ 15 ವರ್ಷ ಮೀರಿದ ಗಾಡಿಗಳ ನೋಂದಣಿ ರದ್ದಾಗಿ ಅವು ಗುಜರಿಗೇ ಹೋಗಬೇಕು.

ಹವ್ಯಾಸಿಗಳಿಗಾಗಿ ಇನ್ನೊಂದು ಬಾಗಿಲನ್ನು 2021ರ ಜುಲೈನಲ್ಲಿ ತೆರೆಯಲಾಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನುಗಳನ್ನು ಬದಲಿಸದೆ ಮೂಲರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ವಾಹನ ಮತ್ತು ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರು ನೋಂದಣಿಗೆ 5000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಮೊದಲೇ ನೋಂದಣಿಯಾದ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ‘ಎಂವೈ’ ಅಕ್ಷರಗಳ ಹಳೆಯ ಮೈಸೂರು ರಾಜ್ಯದ ಪ್ಲೇಟು ಇರುವವರು ಅದನ್ನು ಕಳೆದುಕೊಳ್ಳಬೇಕಿಲ್ಲ. ಷರತ್ತು ಕಟ್ಟುನಿಟ್ಟು. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ ಮತ್ತು ಪೆಟ್ರೋಲಿಗಾಗಿ ಮಾತ್ರ ರಸ್ತೆಗಿಳಿಯಬೇಕು. ಬಾಡಿಗೆಗೆ ಬಿಡುವಂತಿಲ್ಲ, ಸಂತೆಗೆ ಹೋಗುವಂತಿಲ್ಲ. ನಿಯಮ ನಗರದ ಸಂಗ್ರಾಹಕನನ್ನು ಮನಸ್ಸಿನಲ್ಲಿಟ್ಟು ಬರೆದದ್ದೆಂದು ಸ್ಪಷ್ಟ. ಅಜ್ಜನ ಜಾವಾದಲ್ಲೇ ಹೊಲಕ್ಕೆ ಹೋಗುವ ಕಮಲಾಪುರದ ರೈತನ ಕಲ್ಪನೆ ಅದನ್ನು ಬರೆದವರಿಗೆ ಇದ್ದಂತಿಲ್ಲ. 20,000 ರೂಪಾಯಿಯಲ್ಲಿ ಒಂದು ಯೆಜ್ಡಿಯ ಇಂಜಿನ್ ಕೆಲಸ ಮುಗಿಸಬಹುದು ಎನ್ನುವ ಮಿಸ್ತ್ರಿಯ ಲೆಕ್ಕವೂ ಅವರಿಗೆ ತಲುಪಿಲ್ಲ.

ಪತ್ರ ಸರಿಯಿದ್ದರೂ ಈಗ ಹೊಸ ತಲೆನೋವು ಬಂಕಿನಲ್ಲಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಎಲ್ಲೆಡೆ ಅದೇ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಟು-ಸ್ಟ್ರೋಕಿನಲ್ಲಿ ಆಯಿಲ್ ಕೂಡ ಅದೇ ಪೆಟ್ರೋಲಿನಲ್ಲಿ ಬೆರೆತು ಬರಬೇಕಾದ್ದರಿಂದ ಹಳೆಯ ಮಿಶ್ರಣ ಟ್ಯಾಂಕಿನಲ್ಲೇ ಉಳಿಯಬಾರದು. ಗಾಡಿ ನಿಲ್ಲಿಸುವಾಗ ಟ್ಯಾಂಕನ್ನೂ ಕಾರ್ಬೊರೇಟರಿನ ಬಟ್ಟಲನ್ನೂ ಖಾಲಿ ಮಾಡುವುದು, ಹಳೆಯ ರಬ್ಬರ್ ಪೈಪು ತೆಗೆದು ಎಥನಾಲ್ ತಡೆಯುವ ಪೈಪು ಹಾಕುವುದು, ಎರಡು ವಾರಕ್ಕೊಮ್ಮೆಯಾದರೂ ಇಂಜಿನ್ ಬಿಸಿಯಾಗುವಷ್ಟು ದೂರ ಓಡಿಸುವುದು, ಇಷ್ಟು ಮಾಡಿದರೆ ಗಾಡಿ ಬದುಕುತ್ತದೆ.

ಕೋಟನೂರ, ಕಮಲಾಪುರ, ಸುತ್ತಲ ಊರುಗಳ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಜಾವಾ, ಯೆಜ್ಡಿ, ರಾಜದೂತ, ಹಳೆಯ ಜೀಪು ಅಥವಾ ಟ್ರ್ಯಾಕ್ಟರ್ ಇದ್ದರೆ ಗುಜರಿಯವನು ಬಾಗಿಲಿಗೆ ಬರುವ ಮೊದಲು ಟ್ರಂಕಿನಿಂದ ಆರ್‌ಸಿ ತೆಗೆದು ನೋಡಿ. ಚಾಸಿ ಮತ್ತು ಇಂಜಿನ್ ನಂಬರನ್ನು ಗಾಡಿಯ ಮೇಲಿನದರೊಂದಿಗೆ ತಾಳೆ ಹಾಕಿ, ಫೋಟೊ ತೆಗೆದಿಡಿ. ಗಾಡಿ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸುವ ಅರ್ಜಿಯನ್ನು ಆರ್‌ಟಿಒ ಕಚೇರಿಗೆ ಈ ವರ್ಷವೇ ಕೊಡಿ. ಆ ಗಾಡಿಯನ್ನು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಬದುಕಿದ್ದರೆ ಆತನ ಪಕ್ಕದಲ್ಲಿ ಕೂತು, ಬಿಚ್ಚುವ ಕ್ರಮ, ಪಾಯಿಂಟಿನ ಸಂದಿ, ಬಳಸುವ ಪಾನಾಗಳ ಅಳತೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅಂಥ ಪುಸ್ತಕವನ್ನು ಮೈಸೂರಿನ ಕಾರ್ಖಾನೆ ಇನ್ನು ಅಚ್ಚು ಹಾಕುವುದಿಲ್ಲ. 1975ಕ್ಕೆ ಮೊದಲು ನೋಂದಣಿಯಾದ ಜಾವಾ, ಯೆಜ್ಡಿಗಳು ವಿಂಟೇಜ್ ವಯಸ್ಸನ್ನು ಈಗಾಗಲೇ ದಾಟಿವೆ. ಮೊದಲ ರೋಡ್‌ಕಿಂಗ್‌ಗಳಿಗೆ 2028ರಲ್ಲಿ 50 ತುಂಬುತ್ತದೆ.